ರನ್‌ವೇ ಮೇಲಿನ ಕೆಂಪು ದಾರದ ಚಪ್ಪಲಿ

ಎಲ್ಲೋ ಇದ್ದವರ ಧ್ವನಿ ಇನ್ನೆಲ್ಲೋ ಕೇಳಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೊಟ್ಟೆ ಖಾಲಿ ಇದ್ದರೆ ಹಾಗೆಲ್ಲ ಕೇಳುತ್ತದೆ ಎನ್ನುತ್ತಿದ್ದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ. ಇದನ್ನು ನೀವೂ ನಂಬಬೇಕೆಂದು ಹೇಳುವುದಿಲ್ಲ.

ನಮ್ಮ ತವರು ಸಿಂದಗಿ ಕಡೆಯ ಕನ್ನೊಳ್ಳಿ. ನಾನೂ ನನ್ನ ಅಕ್ಕನೂ ಒಂದು ವಿಮಾನ ನಿಲ್ದಾಣದಲ್ಲಿ ಗುತ್ತಿಗೆ ಕೆಲಸಕ್ಕಿದ್ದೆವು. ಬೆಳಿಗ್ಗೆ ಮೊದಲ ವಿಮಾನ ಇಳಿಯುವ ಮುಂಚೆ ಹತ್ತು ಹೆಂಗಸರು ಸಾಲು ಹಿಡಿದು ರನ್‌ವೇ ಮೇಲೆ ನಡೆಯುತ್ತ ಹರಳು, ತಂತಿ, ಮೊಳೆ ಆರಿಸಬೇಕು. ಒಂದು ಹರಳು ಎಂಜಿನ್ನಿಗೆ ಹೊಕ್ಕರೆ ಒಳಗೆ ಕೂತವರ ಜೀವಕ್ಕೇ ಕುತ್ತು. ಅಕ್ಕ ನಮ್ಮ ಸಾಲು ನಡೆಸುವ ಮುಕಾದಮಳು. ಜೋಳ ಹಸನ ಮಾಡಿದ ಹಾಗೆ ಮಾಡಬೇಕು ಎನ್ನುತ್ತಿದ್ದಳು.

ಇನ್ನೂ ಬೂಟು ಕೊಟ್ಟಿರದ ಮೊದಲ ವಾರದ ಮಾತು. ರಾಶಿ ಮಾಡುವ ಕಣಕ್ಕೆ ಚಪ್ಪಲಿ ಕಾಲಲ್ಲಿ ಹೋಗಬಾರದೆಂದು ಚಿಕ್ಕಂದಿನಿಂದ ರೂಢಿ. ಆ ನುಣ್ಣನೆಯ ನೆಲ ಕಂಡು ನನಗೆ ಕಣವೇ ನೆನಪಾಯಿತು. ಯಾರಿಗೂ ಹೇಳದೆ ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟೆ. ಕೆಲಸ ಮುಗಿದ ಗಡಿಬಿಡಿಯಲ್ಲಿ ಮರೆತು ಗಾಡಿ ಹತ್ತಿದೆ. ಗಾಳಿಗೆ ಅದರಲ್ಲಿ ಒಂದು ರನ್‌ವೇ ನಡುವೆ ಹೋಗಿ ಬಿತ್ತು. ಅದನ್ನು ತೆಗೆಯುವವರೆಗೆ ವಿಮಾನ ಮೇಲೆಯೇ ಸುತ್ತು ಹೊಡೆಯಿತು.

ನಿಲ್ದಾಣದ ಸಾಹೇಬರು ಚಪ್ಪಲಿ ಹಿಡಿದು ಯಾರದೆಂದು ಕೇಳಿದರು. ಹರಿದ ಪಟ್ಟಿಗೆ ಕೆಂಪು ದಾರದ ಹೊಲಿಗೆ ಇತ್ತು. ನಾನು ಸೀರೆ ನೆರಿಗೆಯೊಳಗೆ ಬರಿಗಾಲು ಮುಚ್ಚಿಕೊಂಡು ನಿಂತೆ. ಅಕ್ಕ ಮುಂದೆ ಬಂದಳು.

"ಮುಕಾದಮ ನಾ ಅದೀನ್ರಿ ಸಾಹೇಬ್ರ. ತಪ್ಪು ನಂದ."

ಅವತ್ತೇ ಅವಳ ಕೆಲಸ ಹೋಯಿತು. ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಲಚ್ಯಾಣದ ಗಂಡನ ಮನೆಗೆ ಹೋದಳು. ಅವಳ ಜಾಗಕ್ಕೆ ನನ್ನನ್ನೇ ಹಾಕಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೂರು ವರ್ಷ ಕಳೆದ ಮೇಲೆ ಒಂದು ಚಳಿಯ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಅಕ್ಕನ ಧ್ವನಿ ಬಂತು.

"ತಂಗೀ, ಕಾಲಾಗ ನೋಡು."

ತಿರುಗಿದೆ, ಯಾರೂ ಇಲ್ಲ. ಕೆಳಗೆ ನೋಡಿದರೆ ಎರಡು ಮಾರು ಮುಂದೆ ನನ್ನ ಚಪ್ಪಲಿ ಬಿದ್ದಿತ್ತು. ಕೆಂಪು ದಾರ ಸ್ಪಷ್ಟವಾಗಿ ಕಂಡಿತು. ಎತ್ತಲು ಬಾಗಿದೆ. ಕೈಗೆ ಬರೀ ನೆಲ ಹತ್ತಿತು. ಆದರೆ ಅಲ್ಲಿ ನನ್ನ ಬೂಟು ತಾಗಿದಾಗ ಒಡಕು ಗಡಿಗೆ ಬಡಿದಂಥ ಸಪ್ಪಳ ಬಂತು. ಮೇಲೆ ಕೂದಲೆಳೆಯಷ್ಟು ಬಿರುಕು. ಸಾಹೇಬರನ್ನು ಕರೆದೆ. ಅಗೆದು ನೋಡಿದರೆ ರೊಟ್ಟಿ ಹಂಚಿನಷ್ಟು ಅಗಲ ಡಾಂಬರು ಒಳಗಿನಿಂದ ಬಿಟ್ಟುಕೊಂಡಿತ್ತು. ಅವತ್ತು ವಿಮಾನಗಳನ್ನು ತಡೆದು ದುರಸ್ತಿ ಮಾಡಿದರು. ಎಲ್ಲರ ಮುಂದೆ ನನಗೆ ಶಾಲು ಹೊದಿಸಿದರು.

ಆ ಶಾಲು ನನಗೆ ಬೆಂಕಿಯಾಯಿತು. ಅಲ್ಲಿಯೇ ಸಾಹೇಬರಿಗೆ ನಿಜ ಹೇಳಿದೆ. ಅವರು ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆ ಎಂದರು.

ಇಂಡಿ ಪಟ್ಟಣದಿಂದ ಟೆಂಪೊ ಹಿಡಿದು ಲಚ್ಯಾಣಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ನಿಂಬೆಹಣ್ಣು ಆರಿಸುತ್ತಿದ್ದಳು. ಶಾಲು ಅವಳ ಮಡಿಲಲ್ಲಿಟ್ಟು ಎಲ್ಲ ಹೇಳಿ ಅತ್ತೆ. ಅವಳು ನಕ್ಕಳು.

"ಆ ದಾರ ಹಾಕಿ ಹೊಲದಾಕಿ ನಾನ ಅಲ್ಲೇನ, ಹುಚ್ಚಿ? ಅವತ್ತ ಗೊತ್ತಿತ್ತು. ನೀ ಯಾವಾಗ ಬರ್ತಿ ಅಂತ ದಾರಿ ನೋಡಾಕತ್ತಿದ್ದೆ."

ಕೆಲಸಕ್ಕೆ ಬರಲು ಕರೆದರೆ ಒಪ್ಪಲಿಲ್ಲ. ನಿಂಬೆಹಣ್ಣು ಯಾರ ಚಪ್ಪಲಿ ಅಂತ ಕೇಳೋದಿಲ್ಲ ಎಂದು ಚೇಷ್ಟೆ ಮಾಡಿದಳು. ಮೂರು ವರ್ಷದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಹೊರಡುವಾಗ ಚಪ್ಪಲಿ ಕೇಳಿದೆ. ಅಡುಗೆಮನೆ ಹಿಂದಿನ ಗೂಟಕ್ಕೆ ನೇತುಹಾಕಿದ್ದಳು. ಸುತ್ತ ಜೇಡರ ಬಲೆ ಕಟ್ಟಿತ್ತು, ಬಲೆ ಎಲ್ಲಿಯೂ ಹರಿದಿರಲಿಲ್ಲ. ಇಳಿಸಿ ತಿರುವಿದರೆ ಅಡಿಗೆ ಡಾಂಬರು ಹತ್ತಿತ್ತು. ಬೆರಳು ಸವರಿದೆ. ಕರಿ ಅಂಟಿತು.

ಆ ಬೆಳಿಗ್ಗೆ ನನ್ನನ್ನು ಕರೆದಿದ್ದೆಯಾ ಎಂದು ಅಕ್ಕನನ್ನು ಕೇಳಿದೆ.

"ನಾ ದಿನಾ ಕರೀತೇನಿ" ಎಂದಳು. "ನಿನಗ ಒಂದಿನ ಕೇಳೇತಿ, ಅಷ್ಟ."

ಮೂರು ವರ್ಷ ಗೂಟದಲ್ಲಿದ್ದ ಚಪ್ಪಲಿಗೆ ಹಸಿ ಡಾಂಬರು ಎಲ್ಲಿಂದ ಬಂತೋ, ನನಗೆ ಇಂದಿಗೂ ತಿಳಿದಿಲ್ಲ. ಈಗಲೂ ಆ ದುರಸ್ತಿಯ ತೇಪೆ ಬಂದಾಗ ಸಾಲನ್ನು ಒಂದು ಗಳಿಗೆ ನಿಲ್ಲಿಸುತ್ತೇನೆ. ಯಾಕೆಂದು ಹೆಂಗಸರು ಕೇಳುತ್ತಾರೆ. ಕಾಲಲ್ಲಿ ನೋಡ್ರಿ ಎನ್ನುತ್ತೇನೆ.