ಇಪ್ಪೆ ಮರದ ದಾರಿ

ಪತ್ರ ಕಳೆದಿರಲಿಲ್ಲ. ಹುಡುಕುವವನಿಗೆ ಹುಡುಕಲು ಬರುತ್ತಿರಲಿಲ್ಲ, ನಡೆದದ್ದು ಇಷ್ಟೇ.

ನನ್ನ ಮೈದುನ ನಮ್ಮ ಗದ್ದೆಯ ಗಾಡಿ ದಾರಿಗೆ ಮುಳ್ಳುತಂತಿ ಬಿಗಿದಿದ್ದ. ಒಳಗೆ ಕಡಿಯಲು ಬಂದ ಕಬ್ಬು, ಹೊರಗೆ ರಸ್ತೆಯಲ್ಲಿ ಲಾರಿ. ದಾರಿ ಇಬ್ಬರದೂ ಎಂದು ಪಾಲಿನ ಪತ್ರದಲ್ಲಿ ಬರೆಸಿದ್ದೆವು. ಪತ್ರ ಅವನ ಪೆಟ್ಟಿಗೆಯಲ್ಲಿತ್ತು. ಇಲಿ ತಿಂದಿತು ಎಂದ. ಆ ಇಲಿಗೆ ಎರಡೇ ಕಾಲು.

ಪತ್ರ ಬರೆದವರ ಅಂಗಡಿ ಪಾಂಡವಪುರದಲ್ಲಿತ್ತು. ಅವರು ತೀರಿಕೊಂಡಿದ್ದರು, ಬರೆದದ್ದೆಲ್ಲ ಮಗನ ಕಂಪ್ಯೂಟರಿನಲ್ಲಿತ್ತು, ಸಾವಿರಾರು ಫೈಲು. ನಮ್ಮ ಪತ್ರದ ನೋಂದಣಿ ನಂಬರು ಸಿಕ್ಕರೆ ಸಾಕು, ಕಚೇರಿಯಲ್ಲಿ ನಕಲು ಕೊಡುತ್ತಾರೆ. ಮಗನೆಂದರೆ ನಲವತ್ತು ದಾಟಿದ ಪದವೀಧರ. ನನ್ನ ಗಂಡನ ಹೆಸರು ಕೇಳಿ ಒತ್ತಿದ. ಪರದೆ ತುಂಬಾ ಫೈಲು ಬಂದವು. ಒಂದೊಂದನ್ನೇ ತೆರೆದು, ಮೊದಲ ಸಾಲಿನಿಂದ ಓದಿ, ಮುಚ್ಚಿದ. ನಡುವೆ ಎರಡು ಸಲ ಕಾಫಿ ಕುಡಿದ.

“ಇದು ವಾರದ ಕೆಲ್ಸ ಕಣಜ್ಜಿ. ಓಗಿ ಬಾ.”

“ನಮ್ಮೂರಲ್ಲಿ ಮೂರು ಮನೆಗೊಬ್ಬನಿಗೆ ಮನೆದೇವ್ರ ಎಸ್ರೇ ಕಣ್ಲಾ. ಆ ಎಸ್ರು ಇಡ್ದು ಕೂಗಿದ್ರೆ ಅರ್ಧ ಊರೇ ಓ ಅಂತದೆ. ದಾರಿ ಇಸ್ಯ ಬರ್ದಿರೋ ಜಾಗ ಉಡುಕು.”

ಪಾಲಿನ ಪತ್ರಕ್ಕೆ ರುಜು ಹಾಕುವ ಮುನ್ನ ದಾರಿಯ ಆ ನಾಲ್ಕು ಸಾಲನ್ನು ಮೂರು ಸಲ ಓದಿಸಿಕೊಂಡಿದ್ದೆ. ನೆನಪಿದ್ದಂತೆ ಹೇಳಿದೆ, ಪೂರ್ತಿ ಒತ್ತಿದ. ಒಂದೂ ಬರಲಿಲ್ಲ. ನಾನು ಎಲ್ಲೋ ಒಂದು ಮಾತು ಹಿಂದುಮುಂದು ಮಾಡಿರಬೇಕು. ಅಷ್ಟಕ್ಕೇ ಆ ಯಂತ್ರ ಮುಖ ತಿರುಗಿಸುತ್ತದಂತೆ.

“ನೋಡ್ದಾ? ಇಲ್ಲ ಅಂದ್ರೆ ಇಲ್ಲ.”

ರೇಗಿತು. ಎಮ್ಮೆ ತಪ್ಪಿಸಿಕೊಂಡರೆ ಕಪ್ಪು ಎಮ್ಮೆ ಕಂಡಿರಾ ಎಂದು ಯಾರಾದರೂ ಕೇಳುತ್ತಾರೆಯೇ? ಎಡಗೊಂಬು ಮುರಿದದ್ದು ಎನ್ನುತ್ತೇವೆ. ದಾರಿ, ಗದ್ದೆ, ನಾಲೆ ಎಲ್ಲರ ಪತ್ರದಲ್ಲೂ ಇರುತ್ತವೆ. ನಮ್ಮ ದಾರಿಯ ತಲೆಯಲ್ಲಿ ಒಂದು ಇಪ್ಪೆ ಮರವಿದೆ, ಊರಲ್ಲಿ ಇನ್ನೊಂದಿಲ್ಲ. ಆ ನಾಲ್ಕು ಸಾಲಿನಲ್ಲಿ ಅದರ ಹೆಸರೂ ಇತ್ತು.

“ಇಪ್ಪೆ ಅಂತ ಒಂದೇ ಮಾತು ಆಕ್ಲಾ.”

“ಒಂದು ಮಾತ್ನಲ್ಲಿ ಏನ್ ಸಿಕ್ತದಜ್ಜಿ?”

“ಆಕು. ನಿನ್ ಡಿಗ್ರಿ ಸವೆಯಕಿಲ್ಲ.”

ಮೂರು ಫೈಲು ಬಂದವು. ಎರಡನೆಯದರಲ್ಲಿ ನಮ್ಮ ನಾಲ್ಕು ಸಾಲೂ ಇದ್ದವು, ಕೊನೆಯಲ್ಲಿ ಅವನಪ್ಪ ಬರೆದಿಟ್ಟ ನೋಂದಣಿ ನಂಬರು. ತಾನೇ ಕಂಡುಹಿಡಿದಂತೆ ಮೀಸೆ ಮೇಲೆ ಕೈಯಾಡಿಸಿದ. ಅಂಥವರ ಮುಂದೆ ಕಂಪ್ಯೂಟರು ಇಟ್ಟರೂ ಒಂದೇ, ಒರಳುಕಲ್ಲು ಇಟ್ಟರೂ ಒಂದೇ.

ಸಂಜೆಯೊಳಗೆ ಮೊಹರು ಬಿದ್ದ ನಕಲು ಕೈಗೆ ಬಂತು. ಮೈದುನನ ಜಗಲಿಯಲ್ಲೇ ನಿಂತು ಓದಿ ಹೇಳಿದೆ. ನಾನು ಓದಿದ್ದು ಮೂರನೇ ಕ್ಲಾಸು, ನಿಧಾನವಾಯಿತು. ನಿಧಾನವಾಗಿಯೇ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಇಕ್ಕಳ ಹಿಡಿದು ಹೋಗಿ ತಂತಿ ಕತ್ತರಿಸಿದೆ. ಸುರುಳಿ ಸುತ್ತಿ ಅವನ ಬಾಗಿಲಿಗೆ ಒರಗಿಸಿ, ಕಬ್ಬಿಗೆ ಆಳು ಇಳಿಸಿದೆ.