ಹೀರೋನ ಬೂಟಿಗೆ ಕಟ್ಟಿದ ಏಲಕ್ಕಿ ಹಾರ

ನನಗ ಸಿನಿಮಾ ಭಾಳ ತಿಳೀತೈತಿ ಅಂತ ಏನಿಲ್ರಿ. ಹಾವೇರ್ಯಾಗ ಜಂಪರ ಹೊಲಿಯೂ ಅಂಗಡಿ ಇಟ್ಕೊಂಡೀನಿ. ಐತವಾರ ಕೈ ಖಾಲಿ ಇದ್ರ ನಮ್ಮಣ್ಣನ ಹೆಂಡ್ತಿ, ನಮ್ಮ ವೈನಿ, ಆಕಿ ಜೋಡಿ ರಾಣೆಬೆನ್ನೂರಿಗೆ ಹೋಗಿ ಒಂದು ಪಿಚ್ಚರ್ ನೋಡಿ, ಮಿರ್ಚಿ ಮಂಡಕ್ಕಿ ತಿಂದು ಬರೂದು. ಅಷ್ಟ. ಆದ್ರ ನೋಡಿ ಬಂದು ಬಾಯಿ ಮುಚ್ಕೊಂಡು ಕುಂದ್ರಾಕ ನನ್ನ ಕಡಿಂದ ಆಗೂದಿಲ್ಲ.

ಈಗಿನ ಪಿಚ್ಚರ್ ಅಂದ್ರ ಏನು ಹೇಳ್ರಿ? ಹೀರೋ ಬರೂಕಿಂತ ಮೊದಲ ಅವನ ಬೂಟು ಬರ್ತಾವ. ಬೂಟಿನ ಸುತ್ತ ಧೂಳು, ಧೂಳಿನ ಮ್ಯಾಲ ಹೊಗಿ, ಹೊಗಿ ಸರಿದಿಂದ ಗಡ್ಡ. ಪೂರಾ ಮಾರಿ ಕಾಣೂದ್ರಾಗ ಒಂದು ಓಣಿ ಮಂದಿ ಸತ್ತಿರ್ತಾರ. ಸತ್ತಾವ್ರಿಗೆ ಹೆಂಡ್ರು ಮಕ್ಕಳು ಇಲ್ಲೇನು? ಪೊಲೀಸ್ರು ಎಲ್ಲಿ ಹೋಗಿದ್ರು? ಕೇಳಬಾರ್ದು. ಕಡೀಕ ‘ಉಳಿದ ಕತಿ ಎರಡನೇ ಭಾಗದಾಗ’ ಅಂತ ಹೇಳಿ ಮನಿಗೆ ಕಳಿಸ್ತಾರ. ಒಂದು ತೋಳು ಹೊಲದು, ಇನ್ನೊಂದಕ್ಕ ಮುಂದಿನ ವರ್ಷ ಬಾರವ್ವಾ ಅಂದ್ರ ನನ್ನ ಗಿರಾಕಿಗಳು ನನ್ನ ಸುಮ್ನ ಬಿಡ್ತಾರೇನು?

ಇನ್ನ ನಮ್ಮ ಕಡಿ ಮಾತಾಡೂ ಮನಿಶಾ ಪಿಚ್ಚರದಾಗ ಬಂದಾ ಅಂದ್ರ, ಅಂವಾ ಒಂದೋ ಪೆದ್ದ, ಇಲ್ಲಾ ಹೀರೋಗ ಚಹಾ ತಂದು ಕೊಡಾಂವ. ಅಂವಾ ಬಾಯಿ ತಗದ್ರ ಸಾಕು, ನಗಬೇಕಂತ. ಹಂಗ ಯಾವ ಊರಾಗ ಮಾತಾಡ್ತಾರೋ ದೇವ್ರ ಬಲ್ಲ. ಬರದಾವ್ರ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ. ನಗಾವ್ರ ಮ್ಯಾಲ ಐತಿ. ಐರಣಿಯಿಂದ ಬಸ್ ಹತ್ತಿ ಬಂದಾವ್ರು, ಮನಿಯಾಗ ಅದ ಮಾತು ಆಡಾವ್ರು, ಹೊಟ್ಟಿ ಹಿಡ್ಕೊಂಡು ನಗ್ತಾರ.

ಹೀರೋಯಿನ್ ಸುದ್ದಿ ಅಂತೂ ತಗೀಲೇ ಬಾರ್ದು. ಅದನ್ನ ಒಮ್ಮೆ ತಗದು ನನ್ನ ಮದಿವಿ ಮುರದೈತಿ.

ಕೆಲವು ವರ್ಷದ ಹಿಂದ ಬ್ಯಾಡಗಿ ಹುಡುಗನ ಜೋಡಿ ನನ್ನ ಮದಿವಿ ಗೊತ್ತು ಮಾಡಿದ್ರು. ಅವ್ರದು ಮೆಣಸಿನಕಾಯಿ ದಲಾಲಿ ಅಂಗಡಿ. ಹುಡುಗ ನೋಡಾಕ ಛಲೋ ಇದ್ದ, ಮಾತೂ ಮಿದು. ಖರೇ ಹೇಳ್ತೀನಿ, ನನ್ನ ಮನಸಿಗೂ ಬಂದಿದ್ದ. ಒಬ್ಬ ದೊಡ್ಡ ಹೀರೋನ ಅಭಿಮಾನಿ ಸಂಘಕ್ಕ ಅಂವಾ ಅಧ್ಯಕ್ಷ ಅಂತ ಕೇಳಿದಾಗ, ಇರ್ಲಿ ಬಿಡು, ಕುಡ್ಯಾಂವ ಅಲ್ಲ, ಇಸ್ಪೀಟ್ ಆಡಾಂವ ಅಲ್ಲ, ಪಿಚ್ಚರಿನ ಹುಚ್ಚು ಯಾರಿಗಿಲ್ಲ ಅಂದ್ಕೊಂಡೆ.

ನಿಶ್ಚಯಕ್ಕ ನಮ್ಮಪ್ಪ ಏಲಕ್ಕಿ ಹಾರ ಮಾಡಿಸಿದ. ಹೂವಿನ ಹಾರ ಯಾರಿಗೆ ಬೇಕಾದ್ರೂ ಹಾಕ್ತಾರ. ಹಾವೇರ್ಯಾಗ ಏಲಕ್ಕಿ ಹಾರ ಹಾಕಿದ್ರು ಅಂದ್ರ ಆ ಮನಿಶಾನ್ನ ತಲಿ ಮ್ಯಾಲ ಇಟ್ಕೊಂಡಾರ ಅಂತ ಅರ್ಥ. ಅದು ಬಾಡೂದಿಲ್ಲ. ಹಾಕಿಸ್ಕೊಂಡಾವ್ರು ಅದನ್ನ ಗಾಜಿನ ಪೆಟ್ಟಿಗ್ಯಾಗ ಇಟ್ಟು ಪಡಸಾಲಿ ಗ್ವಾಡಿಗೆ ಹಾಕ್ತಾರ, ಬಂದಾವ್ರು ನೋಡ್ಲಿ ಅಂತ. ಅಪ್ಪ ತನ್ನ ಕಿರಾಣಿ ಅಂಗಡಿ ಬಾಗ್ಲಾ ಹಾಕಿ, ಹಾರ ಮಾಡಾವ್ರ ಮುಂದ ಕುಂತು, ಒಡದ ಕಾಯಿ ತಗದು ದಪ್ಪನ್ನ ಕಾಯಿ ಆರಿಸಿ ಕೊಟ್ಟ. ಹಿಂದಿನ ಗಂಟಿಗೆ ನನ್ನ ನಿಶ್ಚಯದ ಜಂಪರದಾಗ ಉಳಿದ ನೇರಳಿ ಬಟ್ಟಿ ನಾನ ಹೊಲದೆ. ಹುಡುಗನ ಕೊಳ್ಳಿಗೆ ಅದನ್ನ ಅಪ್ಪ ತನ್ನ ಕೈಯಾರೆ ಹಾಕಿದ.

ನಿಶ್ಚಯ ಆದಿಂದ ಗಂಡು ಹೆಣ್ಣು ಕೂಡಿ ಒಂದು ಪಿಚ್ಚರಿಗೆ ಹೋಗೂದು ನಮ್ಮ ಮಂದ್ಯಾಗ ಈಗ ಪದ್ಧತಿ ಆಗೇತಿ. ಆದ್ರ ಇಬ್ಬರನ್ನ ಕಳಸಂಗಿಲ್ಲ, ನಡುವಿನ ಕುರ್ಚ್ಯಾಗ ಹೆಣ್ಣಿನ ಕಡಿ ಒಬ್ರು ಕುಂದ್ರಬೇಕು. ನನ್ನ ಜೋಡಿ ವೈನಿ ಬಂದ್ಳು. ಅವನ ಹೀರೋನ ಹೊಸಾ ಪಿಚ್ಚರ್ ಬಿಡುಗಡಿ ಆದ ದಿನಾನ ರಾಣೆಬೆನ್ನೂರಿಗೆ ಬರಾಕ ಹೇಳಿದ್ದ. ಟಾಕೀಸಿನ ಮುಂದ ಕಾಲಿಡಾಕ ಜಾಗಾ ಇರಲಿಲ್ಲ. ಬಾಜಾ, ಪಟಾಕಿ, ಕಟೌಟಿಗೆ ಹಾಲು. ಅಂವಾ ಹಿಂದಿನ ಬಾಗ್ಲದಾಗ ನಮ್ಮನ್ನ ಒಳಗ ಕರ್ಕೊಂಡು ಹೋದ.

ಪಿಚ್ಚರದಾಗ ಹೀರೋ ಒಬ್ಬಾಕಿ ಹುಡುಗಿ ಬೆನ್ನು ಹತ್ತತಾನ. ಆಕಿ ಒಲ್ಲೆ ಅಂತಾಳ, ಮತ್ತ ಹತ್ತತಾನ. ಕಡೀಕ ನಡು ಬಜಾರದಾಗ ಆಕಿ ಕಪಾಳಕ್ಕ ಬಾರಿಸ್ತಾನ. ಟಾಕೀಸ ತುಂಬ ಸೀಟಿ. ವೈನಿ ಆಚಿ ಕಡಿಯಿಂದ ಇವನ ಸೀಟಿ ಎಲ್ಲಾರಕಿಂತ ಜೋರ ಬಂತು, ಎರಡೂ ಬೆರಳು ಬಾಯಾಗ ಇಟ್ಟು. ಮುಂದಿನ ಸೀನಿನ್ಯಾಗ ಹೊಡಿಸ್ಕೊಂಡಾಕಿ ಅವನ ಜೋಡಿ ಹಿಮದಾಗ ಕುಣ್ಯಾಕತ್ತಿದ್ಳು. ವೈನಿ ಮೆಲ್ಲಕ ನನ್ನ ಕೈ ಹಿಡ್ಕೊಂಡ್ಳು.

ಹೊರಗ ಬಂದಿಂದ ಕಟೌಟಿನ ಬುಡಕ್ಕ ಅವನ ಗೆಳ್ಯಾರು ಸುತ್ತಗಟ್ಟಿ ನಿಂತಿದ್ರು. ‘ಹೆಂಗಿತ್ತು ನಮ್ಮ ಅಣ್ಣನ ಪಿಚ್ಚರ್?’ ಅಂತ ನಕ್ಕೊಂತ ಕೇಳಿದ. ಏನು ಹೇಳಲಿ ಅಂತ ಮ್ಯಾಲ ಕಣ್ಣು ಎತ್ತೀನಿ, ಹೀರೋನ ಬೂಟಿಗೆ ಏನೋ ಕಟ್ಟೇತಿ. ಕಟೌಟ್ ಎರಡು ಮಾಳಿಗಿ ಎತ್ತರ, ಅದರ ಕೊಳ್ಳಿಗೆ ಏಲಕ್ಕಿ ಹಾರ ಎಲ್ಲಿ ಸಾಲಬೇಕು? ಅದಕ್ಕ ಬೂಟಿಗೆ ಕಟ್ಟಿದ್ರು. ಹಾಲು ಸುರದು ರೇಷ್ಮಿ ದಾರ ಬಣ್ಣ ಬಿಟ್ಟಿತ್ತು. ಹಿಂದಿನ ಗಂಟಿನ್ಯಾಗ ನೇರಳಿ ಬಟ್ಟಿ.

‘ಪಿಚ್ಚರ್ ಛಲೋ ಇಲ್ರಿ,’ ಅಂದೆ. ‘ಹೆಣ್ಣಮಗಳಿಗೆ ಹೊಡದು ಅದನ್ನ ಪ್ರೀತಿ ಅಂತ ತೋರಿಸ್ಯಾರ. ಅದು ಇರ್ಲಿ. ಆ ಹಾರ ಬಿಚ್ಚಿ ಕೊಡ್ರಿ.’

ಅವನ ಮಾರಿ ಕಪ್ಪಗಾತು. ‘ಅಣ್ಣಗ ಹಾಕಿದ್ದು ಬಿಚ್ಚಂಗಿಲ್ಲ. ನನಗ ಹಾಕಿದ ಹಾರ ನನಗಿಂತ ದೊಡ್ಡವ್ರಿಗೆ ಹಾಕೀನಿ. ನಿಮ್ಮಪ್ಪ ಖುಷಿ ಪಡಬೇಕು!’

ನನಗ ಮೈ ಉರದು ಹೋತು. ಕಟೌಟ್ ನಿಲ್ಲಿಸಾಕ ಕಟ್ಟಿದ್ದ ಕಟ್ಟಿಗಿ ಅಟ್ಟದ ಮ್ಯಾಲ ಕಾಲಿಟ್ಟು ಹತ್ತಿ ಹಾರ ಜಗ್ಗಿದೆ. ಕಿತ್ತು ಬಂತು, ಏಲಕ್ಕಿ ಎಲ್ಲಾ ಕೆಸರಾಗ ಚೆಲ್ಲಿದ್ವು. ನೇರಳಿ ಬಟ್ಟಿ ಅಷ್ಟ ಕೈಯಾಗ ಉಳೀತು.

ಯಾರೋ ಪುಣ್ಯಾತ್ಮರು ಅದನ್ನ ಮೊಬೈಲದಾಗ ಹಿಡದು, ಹಿಂದ ಹೀರೋ ಬರೂ ಮ್ಯೂಸಿಕ್ ಹಚ್ಚಿ ಬಿಟ್ರು. ಸಂಜಿಕ ಹಾವೇರಿಯಿಂದ ಗಳಗನಾಥದ ತನಕ ಎಲ್ಲಾರೂ ನನ್ನ ಪಿಚ್ಚರ್ ನೋಡಿದ್ರು, ಎಲ್ಲಾರೂ ಅಭಿಪ್ರಾಯ ಹೇಳಿದ್ರು. ಹುಡುಗಿ ಬಜಾರಿ. ಹುಡುಗಿಗೆ ಸೊಕ್ಕು. ಒಂದು ಸಿನಿಮಾ ಸಲುವಾಗಿ ಸಂಸಾರ ಕಳ್ಕೊಂಡ್ಳು. ಬ್ಯಾಡಗಿಯಿಂದ ‘ನಮಗ ಈ ಹೆಣ್ಣು ಬ್ಯಾಡ’ ಅಂತ ಫೋನ್ ಬಂತು. ಹೊಡಿಯೂದು ನೋಡಿ ಸೀಟಿ ಹಾಕಿದಾಂವ ಮಾತ್ರ ಊರ ಮಂದಿಗೆ ಒಳ್ಳೆ ಹುಡುಗನಾಗೇ ಉಳದ.

ನಾ ಅಪ್ಪನ ಮುಂದ ನೇರಳಿ ಬಟ್ಟಿ ಇಟ್ಟು, ‘ನೀ ಆರಿಸಿದ ಕಾಯಿ ಅಪ್ಪಾ, ಬೂಟಿಗೆ ಕಟ್ಟಿದ್ರು,’ ಅಂದೆ. ಅಪ್ಪ ಅದನ್ನ ಮುಟ್ಟಲಿಲ್ಲ. ‘ಛಲೋ ಐತಿ ಅಂತ ಒಂದು ಮಾತು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತವ್ವಾ?’ ಅಂದ. ಬ್ಯಾಡಗ್ಯಾವ್ರು ಆಡಿದ್ದು ನನಗ ತಾಗಿರಲಿಲ್ಲ. ಇದು ತಾಗಿತು.

ಅಷ್ಟಕ್ಕ ಬಿಡಲಿಲ್ಲ ಅಪ್ಪ. ಮತ್ತೊಂದು ಏಲಕ್ಕಿ ಹಾರ ಮಾಡಿಸಿದ. ನನಗ ಹೇಳದನ ಅದನ್ನ ತಗೊಂಡು ಬ್ಯಾಡಗಿಗೆ ಹೋದ, ಹುಡುಗನ ಅಪ್ಪನ ಕೊಳ್ಳಿಗೆ ಹಾಕಿ ತಪ್ಪಾತು ಅನ್ನಾಕ. ಜೋಡಿ ಹೋಗಿದ್ದ ನಮ್ಮಣ್ಣ ಆಮ್ಯಾಲ ಹೇಳಿದ. ದಲಾಲಿ ಅಂಗಡ್ಯಾಗ, ಮೆಣಸಿನಕಾಯಿ ತುಂಬು, ಅಂದ್ರ ತೊಟ್ಟು, ಮುರಿಯೂ ಹೆಣ್ಣಮಕ್ಕಳ ನಡುವ, ಚೀಲದ ಮ್ಯಾಲ ಅಪ್ಪನ್ನ ಸಂಜಿತನ ಕುಂದ್ರಿಸಿದ್ರಂತ. ಘಾಟಿಗೆ ಸೀನಿಕೋತ, ಕಣ್ಣು ಒರಸಿಕೋತ ಕುಂತಿದ್ದನಂತ. ಕಡೀಕ ಹುಡುಗನ ಅಪ್ಪ, ಆ ದೊಡ್ಡ ಮನಿಶಾ, ‘ಹಾರ ನೀವ ಒಯ್ರಿ. ಹರ್ಯಾಕ ನಿಮ್ಮ ಮಗಳಿಗೆ ಬೇಕಾಗ್ತೈತಿ,’ ಅಂದ. ತುಂಬು ಮುರಿಯೂ ಹೆಣ್ಣಮಕ್ಕಳೂ ನಕ್ರು.

ಆ ಹಾರ ಈಗ ನಮ್ಮ ಪಡಸಾಲ್ಯಾಗ ಗಾಜಿನ ಪೆಟ್ಟಿಗ್ಯಾಗ ಐತಿ. ಬಂದಾವ್ರು, ‘ಯಾರಿಗೆ ಹಾಕಿದ್ದರಿ ಇದು?’ ಅಂತ ಕೇಳ್ತಾರ. ‘ನನಗ. ವ್ಯಾಪಾರಸ್ಥರು ಕೂಡಿ ಸನ್ಮಾನ ಮಾಡಿದ್ರು,’ ಅಂತಾನ ಅಪ್ಪ. ಒಮ್ಮೊಮ್ಮೆ ಯಾರು ಯಾರು ಭಾಷಣ ಮಾಡಿದ್ರು ಅಂತಾನೂ ಹೇಳ್ತಾನ. ಇಷ್ಟು ಪಿಚ್ಚರ್ ನೋಡೀನಿ, ನಮ್ಮಪ್ಪನಷ್ಟು ಛಲೋ ಆ್ಯಕ್ಟಿಂಗ್ ಯಾರೂ ಮಾಡಿಲ್ಲ.

ಮೊನ್ನಿ ಅದ ಪಿಚ್ಚರ್ ಮತ್ತ ಬಿಡುಗಡಿ ಮಾಡಿದ್ರು, ಹಳೇದನ್ನ ತೊಳದು ಹೊಸಾದು ಅಂತ ತೋರಸೂದು ಈಗಿನ ವ್ಯಾಪಾರ. ನಾನೂ ವೈನಿನೂ ಹೋದ್ವಿ. ಯಾಕ ಹೋದ್ರಿ ಅಂತ ಕೇಳಬ್ಯಾಡ್ರಿ. ಕಪಾಳಕ್ಕ ಹೊಡಿಯೂ ಸೀನಿಗೆ ಈ ಸಲ ನಮ್ಮ ಹಿಂದಿನ ಸಾಲಿನ ಹುಡುಗ್ಯಾರೂ ಸೀಟಿ ಹಾಕಿದ್ರು.

ಮನಿಗೆ ಬಂದ್ರ ಪಡಸಾಲ್ಯಾಗ ಅಗಡಿಯಿಂದ ಬಂದ ದೂರದ ಸಂಬಂಧದ ಬೀಗರು ಕುಂತಿದ್ರು. ಸನ್ಮಾನದ ಕತಿ ಆಗಲೇ ಮುಗದಿತ್ತು. ‘ಯಾವ ಪಿಚ್ಚರವ್ವಾ?’ ಅಂದ್ರು. ಹೆಸರು ಹೇಳಿದೆ. ಅಪ್ಪ ನೆಲಾ ನೋಡ್ಕೊಂತ, ‘ಹೆಂಗಿತ್ತು?’ ಅಂದ.

‘ಛಲೋ ಐತಪಾ,’ ಅಂದೆ.

ಅಪ್ಪ ತಲಿ ಎತ್ತಲಿಲ್ಲ. ‘ಬೀಗರಿಗೆ ಚಹಾ ಇಡು,’ ಅಂದ. ನಾ ಒಳಗ ಹೊಂಟಾಗ ಹಿಂದಿಂದ ಮತ್ತ ಕೂಗಿದ: ‘ಏಲಕ್ಕಿ ಹಾಕಬ್ಯಾಡ.’