ಲದ್ದಿ ತಣ್ಣಗಿತ್ತು

ರೇಷ್ಮೆ ಹುಳುವಿನ ತಟ್ಟೆಗೆ ಹಾಸಲು ನಮ್ಮ ಚಿಕ್ಕಪ್ಪ ಕನಕಪುರದ ಗುಜರಿ ಅಂಗಡಿಯಿಂದ ಹಳೆ ಪೇಪರು ತರುತ್ತಿದ್ದ. ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವನು ಅವನೇ. ಒಮ್ಮೆ ಆ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಮಕ್ಕಳ ಕಾದಂಬರಿಯೊಂದು ಬಂತು. ಕಾಡಿನ ಕೆಲಸಕ್ಕೆ ಸೇರಿದ ಹುಡುಗನ ಕತೆ. ಖಾಕಿ ಚಡ್ಡಿ, ಹೆಗಲ ಮೇಲೆ ಬಂದೂಕು, ಹೆದರಿಕೆ ಅಂದರೇನೆಂದೇ ಗೊತ್ತಿಲ್ಲದ ಮಹಾಶಯ. ಹುಳುವಿನ ಹಿಕ್ಕೆ ಬೀಳಬೇಕಾಗಿದ್ದ ಆ ಹಾಳೆಗಳನ್ನು ಚಿಕ್ಕಪ್ಪ ನನಗಾಗಿ ತೆಗೆದಿಟ್ಟ. ಬಾಯಿಪಾಠ ಆಗುವಷ್ಟು ಓದಿದೆ.

ಅದನ್ನು ಓದಿಯೇ ಈ ಹುಡುಗಿ ಫಾರೆಸ್ಟ್ ಗಾರ್ಡ್ ಆದಳು ಅಂದರೆ ನೀವು ನಗುತ್ತೀರಿ. ನಗಿ, ನಿಜ ಅದೇ. ಆ ಮಹಾಶಯ ಒಂದು ದಿನವೂ ರಿಜಿಸ್ಟರ್ ಬರೆಯಲಿಲ್ಲ, ಬೆಳೆ ಕಳೆದುಕೊಂಡವರ ಕೈಲಿ ಬೈಸಿಕೊಳ್ಳಲಿಲ್ಲ. ಅವೆಲ್ಲ ನನ್ನ ಪಾಲಿಗೆ ಬಂದವು. ಆದರೂ ಅವನ ಮೇಲಿನ ಭಕ್ತಿ ಮಾತ್ರ ಹೋಗಲಿಲ್ಲ.

ಹೋದ ಚಳಿಗಾಲ ರಜೆ ಹಾಕಿ ಸಾತನೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆಗ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಬಿಸಿಲೇರುವ ಮೊದಲೇ ಹಿಪ್ಪುನೇರಳೆ ಸೊಪ್ಪು ಕುಯ್ದು ತರಬೇಕು. ಹಿಂದಿನ ಸಂಜೆಯಷ್ಟೇ ಒಂಟಿ ಸಲಗವೊಂದು ಊರಂಚಿಗೆ ಬಂದಿತ್ತು. ಚಿಕ್ಕಪ್ಪ ಕುಡುಗೋಲು ಹಿಡಿದು ತೋಟದ ಬದುವಿನಲ್ಲಿ ನಿಂತು ನನ್ನ ಮುಖ ನೋಡಿದ.

"ಹೋಗ್ಬೋದೇನವ್ವ? ನಿಂಗೆ ಗೊತ್ತಾಯ್ತದಲ್ಲ."

ದಾರಿಯಲ್ಲಿ ಲದ್ದಿ ಬಿದ್ದಿತ್ತು. ಪುಸ್ತಕದ ಹುಡುಗ ಮಾಡುತ್ತಿದ್ದಂತೆಯೇ ಬೆರಳು ಇಳಿಸಿದೆ. ತಣ್ಣಗಿತ್ತು. ಪುಸ್ತಕದ ಪ್ರಕಾರ ಲದ್ದಿ ತಣ್ಣಗಿದ್ದರೆ ಆನೆ ಮೂರು ಹರದಾರಿ ದೂರ. ಇಬ್ಬನಿ ಬೀಳುವ ಕಾಲದಲ್ಲಿ ಲದ್ದಿ ಬೇಗ ಆರುತ್ತದೆ, ಕಾಡಿನ ಕಡೆ ಹೋದ ಹೆಜ್ಜೆ ನೋಡಿದ ಮೇಲೇ ಜನರನ್ನು ತೋಟದೊಳಗೆ ಬಿಡಿ ಎಂದು ತರಬೇತಿಯಲ್ಲಿ ಸಾರಿ ಸಾರಿ ಹೇಳಿದ್ದರು. ಹೆಜ್ಜೆ ಹುಡುಕಲು ಕಾಲು ಗಂಟೆ ಸಾಕಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಚಿಕ್ಕಪ್ಪನ ಮುಂದೆ ನನ್ನ ಜಾಣತನ ತೋರಿಸಬೇಕಿತ್ತು. ದಾಟಿಹೋಗಿದೆ, ಹೋಗು ಅಂದೆ.

ಸಲಗ ಆಳೆತ್ತರದ ಸೊಪ್ಪಿನ ಸಾಲುಗಳಾಚೆ ಹುಣಸೆ ಮರದ ಕೆಳಗೇ ನಿಂತಿತ್ತು. ನಾನು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನನ್ನು ಸಾಕಿದ ಜೀವವನ್ನು ನಾನೇ ಕೈಯಾರೆ ಕಳಿಸಿದ್ದೆ.

ಆ ವಾರ ಸೊಪ್ಪು ಹಾಕುವವರಿಲ್ಲದೆ ಹುಳುಗಳೂ ಸತ್ತವು; ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದೆವು. ಲದ್ದಿ ಮುಟ್ಟಿ ನೋಡಿ ಹೋಗು ಅಂದವಳು ನಾನೇ ಎಂದು ಅವತ್ತೇ ಹೇಳಿಕೊಂಡಿದ್ದೆ. ಸಾವಿಗೆ ಬಂದವರು ನನ್ನನ್ನು ನೋಡಿ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ತಿಥಿ ಮುಗಿದ ಮೇಲೆ ಚಿಕ್ಕವ್ವ ಪಕ್ಕದಲ್ಲಿ ಬಂದು ಕೂತಳು. ಮೆಲ್ಲಗೆ ಕೇಳಿದಳು.

"ಲದ್ದಿ ತಣ್ಣಗಿದ್ರೆ ಆನೆ ಹೋಗಿರ್ತದೆ ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರೇನವ್ವ?"

ಕತೆಪುಸ್ತಕದಲ್ಲಿ ಓದಿದ್ದು ಅನ್ನಲು ನಾಲಿಗೆ ಏಳಲಿಲ್ಲ. ಹೂಂ ಅಂದೆ.

"ಹಂಗಾರೆ ನಿನ್ ತಪ್ಪೇನೈತೆ, ಬುಡು."

ಅವತ್ತಿನಿಂದ ಊರಲ್ಲಿ ಯಾರೇ ನನ್ನ ಮೇಲೆ ಮಾತೆತ್ತಲಿ, ಚಿಕ್ಕವ್ವ ಅವರ ಮನೆ ಬಾಗಿಲಿಗೇ ಹೋಗಿ ಜಗಳ ಆಡಿ ಬರುತ್ತಾಳೆ.